ಜೀನ್ ಪರೀಕ್ಷೆಯ ವರದಿಗೆ ಮಾರ್ಗಸೂಚಿ ಬರೆದ ಕೆಲಸ: ಇದೇ ಹಾದಿ ಹಿಡಿಯುವವರಿಗೆ

ಒಂದೇ ಮಗುವಿನ ಎಕ್ಸೋಮ್ ಡೇಟಾವನ್ನು, ಅಂದರೆ ಜೀನುಗಳಲ್ಲಿ ಪ್ರೋಟೀನಿನ ಸಂಕೇತವಿರುವ ಭಾಗಗಳ ಓದನ್ನು, ಎರಡು ಲ್ಯಾಬ್‌ಗೆ ಕೊಟ್ಟರೆ ಎರಡು ಬಗೆಯ ವರದಿ ಬರುವುದುಂಟು. ಒಂದರಲ್ಲಿ ‘ರೋಗಕಾರಕ ಇರಬಹುದು’, ಇನ್ನೊಂದರಲ್ಲಿ ‘ಅರ್ಥ ನಿರ್ಧಾರವಾಗಿಲ್ಲ’. ಎರಡನ್ನೂ ಕೈಯಲ್ಲಿ ಹಿಡಿದ ತಂದೆತಾಯಿ ಮುಂದಿನ ಗರ್ಭದ ಬಗ್ಗೆ ತೀರ್ಮಾನ ತೆಗೆದುಕೊಳ್ಳಬೇಕು. ಕರ್ನಾಟಕದ ಕೆಲವು ಆಸ್ಪತ್ರೆ ಮತ್ತು ಲ್ಯಾಬ್‌ಗಳಲ್ಲಿ ಕೆಲಸ ಮಾಡುವವರು ಸೇರಿ, ಇಂಥ ವರದಿ ಹೇಗಿರಬೇಕು, ಅದರ ಹಿಂದೆಮುಂದೆ ಕುಟುಂಬದ ಜತೆ ಏನೇನು ಮಾತಾಡಿರಬೇಕು ಎಂದು ಒಂದು ಮಾರ್ಗಸೂಚಿ ಬರೆಯಲು ಹೊರಟದ್ದು ಇದಕ್ಕಾಗಿಯೇ. ಕೊನೆಯ ಸಹಿ ಈಗಷ್ಟೇ ಬಿದ್ದಿದೆ. ಬೇರೆ ಊರಿನ, ಬೇರೆ ವಿಭಾಗದ ತಂಡಗಳೂ ಇದೇ ಕೆಲಸಕ್ಕೆ ಕೈಹಾಕುತ್ತಿವೆ. ಅವರಿಗೆ ಸಮಯ ಉಳಿಯಲಿ ಎಂದು, ಕೆಲಸ ನಡೆದ ಕ್ರಮದಲ್ಲೇ ಇಲ್ಲಿ ಬರೆದಿದೆ.

ಮೊದಲು ಬೇಕಾದದ್ದು ಎಲ್ಲೆ. ‘ವೈದ್ಯಕೀಯ ತಳಿವಿಜ್ಞಾನದ ಮಾರ್ಗಸೂಚಿ’ ಎಂಬ ದೊಡ್ಡ ಹೆಸರಿಟ್ಟುಕೊಂಡು ಕೂತರೆ ಕ್ಯಾನ್ಸರ್, ನವಜಾತ ಶಿಶು ತಪಾಸಣೆ, ಗರ್ಭದ ಪರೀಕ್ಷೆ, ಔಷಧ ತಳಿವಿಜ್ಞಾನ ಎಲ್ಲವೂ ಒಳಗೆ ಬಂದು ಒಂದೂ ಮುಗಿಯುವುದಿಲ್ಲ. ನಮ್ಮದು ಕೊನೆಗೆ ಮೂರಕ್ಕೆ ಇಳಿಯಿತು: ಒಂದೇ ಜೀನಿನಿಂದ ಬರುವ ಕಾಯಿಲೆಗಳಲ್ಲಿ ವೇರಿಯಂಟ್ (ಜೀನಿನ ಅಕ್ಷರಗಳಲ್ಲಿನ ವ್ಯತ್ಯಾಸ) ವರ್ಗೀಕರಣ, ಎಲ್ಲ ಕ್ರೋಮೋಸೋಮ್‌ಗಳನ್ನು ಒಟ್ಟಿಗೆ ತಪಾಸಣೆ ಮಾಡುವ ಕ್ರೋಮೋಸೋಮಲ್ ಮೈಕ್ರೊಅರೇಯಲ್ಲಿ ಕಾಣುವ ರಕ್ತಸಂಬಂಧದ ಗುರುತು, ಗರ್ಭದ ಮಾದರಿಯ ವರದಿ. ಎಲ್ಲೆ ಎಳೆದ ದಿನವೇ ದಾಖಲೆಯ ಜಾತಿಯನ್ನೂ ನಿರ್ಧರಿಸಿ. ಅಮೆರಿಕದ ವೈದ್ಯಕೀಯ ತಳಿವಿಜ್ಞಾನ ಕಾಲೇಜು, ಅಂದರೆ ಎಸಿಎಂಜಿ, ಪುರಾವೆಯ ವ್ಯವಸ್ಥಿತ ಪರಿಶೀಲನೆ ಮಾಡಿ ಬರೆದದ್ದನ್ನು ಮಾತ್ರ ಚಿಕಿತ್ಸಾ ಮಾರ್ಗಸೂಚಿ ಎನ್ನುತ್ತದೆ. ಲ್ಯಾಬಿನ ಕೆಲಸಕ್ಕೆ ತಾಂತ್ರಿಕ ಮಾನದಂಡ, ಪುರಾವೆ ಕಡಿಮೆ ಇರುವಲ್ಲಿ ‘ಪರಿಗಣಿಸಬೇಕಾದ ಅಂಶಗಳು’ ಎಂದು ಬೇರೆ ಬೇರೆ ಹೆಸರು ಕೊಡುತ್ತದೆ. ಈ ವಿಂಗಡಣೆ ಬಹಳ ಉಪಯುಕ್ತ. ತಜ್ಞರ ಅಭಿಪ್ರಾಯವಷ್ಟೇ ಇರುವ ಕಡೆ ಮಾನದಂಡ ಎಂದು ಬರೆದರೆ, ನಾಳೆ ಗ್ರಾಹಕರ ನ್ಯಾಯಾಲಯದಲ್ಲಿ ಒಬ್ಬ ವೈದ್ಯರ ವಿರುದ್ಧ ಅದೇ ಸಾಲನ್ನು ಓದುತ್ತಾರೆ.

ಸಮಿತಿಯಲ್ಲಿ ಯಾರಿರಬೇಕು ಎಂಬುದಕ್ಕೆ ಅಗ್ರೀ-2 ಎಂಬ ಅಳತೆಪಟ್ಟಿ ನೋಡಿಕೊಳ್ಳಿ. ಆರು ವಿಭಾಗ, 23 ಅಂಶ, ಒಂದೊಂದಕ್ಕೂ 1ರಿಂದ 7ರವರೆಗೆ ಅಂಕ. ಎಲ್ಲ ಬರೆದು ಮುಗಿಸಿದ ಮೇಲೆ ಅದನ್ನು ತೆರೆದರೆ ‘ರೋಗಿಗಳ ಅಭಿಪ್ರಾಯ ಕೇಳಿದ್ದೀರಾ’, ‘ಹಿತಾಸಕ್ತಿ ದಾಖಲಿಸಿದ್ದೀರಾ’ ಎಂಬ ಪ್ರಶ್ನೆಗಳಿಗೆ ಉತ್ತರ ಹುಡುಕಲು ತಡವಾಗಿರುತ್ತದೆ. ಕ್ಲಿನಿಕಲ್ ಜೆನೆಟಿಸಿಸ್ಟ್, ಲ್ಯಾಬ್ ವಿಜ್ಞಾನಿ, ಬಯೋಇನ್ಫರ್ಮ್ಯಾಟಿಕ್ಸ್ ಬಲ್ಲವರು, ಜೆನೆಟಿಕ್ ಕೌನ್ಸೆಲರ್, ಭ್ರೂಣ ವೈದ್ಯರು, ಮಕ್ಕಳ ತಜ್ಞರು, ಕಾನೂನು ತಿಳಿದವರೊಬ್ಬರು, ಮತ್ತು ಕಾಯಿಲೆಯ ಮಗುವಿರುವ ಪೋಷಕರಿಬ್ಬರು ಇರಲಿ. ಪೋಷಕರು ಇಬ್ಬರಿರಬೇಕು. ತಜ್ಞರ ನಡುವೆ ಒಬ್ಬರೇ ಕೂತರೆ ಬಾಯಿ ಬಿಡುವುದಿಲ್ಲ. ಹಿತಾಸಕ್ತಿ ಪತ್ರವನ್ನು ಮೊದಲ ಸಭೆಗೆ ಮುಂಚೆಯೇ ತುಂಬಿಸಿ: ಯಾವ ಲ್ಯಾಬಿನಲ್ಲಿ ಷೇರು, ಯಾವ ಕಂಪನಿಯಿಂದ ಉಪನ್ಯಾಸ ಸಂಭಾವನೆ, ಮಾದರಿ ಕಳಿಸಿದ್ದಕ್ಕೆ ರಿಯಾಯಿತಿ ಇದೆಯೇ. ಇದನ್ನು ಕೇಳುವುದು ಮುಜುಗರವೇ. ಆದರೆ ಹಿತಾಸಕ್ತಿ ಇದ್ದವರು ಆ ಪ್ರಶ್ನೆಯ ಚರ್ಚೆಯಲ್ಲಿ ಮಾತಾಡಬಹುದು, ಮತ ಹಾಕುವಂತಿಲ್ಲ ಎಂಬ ನಿಯಮ ಮೊದಲೇ ಇದ್ದರೆ ಆಮೇಲೆ ಯಾರ ಮನಸ್ಸೂ ಕೆಡುವುದಿಲ್ಲ.

ಕೆಲಸದ ನಿಜವಾದ ಭಾರ ಶುರುವಾದದ್ದು ವೇರಿಯಂಟ್ ವರ್ಗೀಕರಣದಲ್ಲಿ. ಎಲ್ಲರೂ ಬಳಸುವುದು 2015ರಲ್ಲಿ ಎಸಿಎಂಜಿ ಮತ್ತು ಅಮೆರಿಕದ ಮಾಲಿಕ್ಯುಲರ್ ಪೆಥಾಲಜಿ ಸಂಘ ಸೇರಿ ಹೊರತಂದ ಮಾನದಂಡ. 28 ಸೂಚಕಗಳು, ಅಂದರೆ ಪಿಎಂ2, ಬಿಎಸ್1ರಂಥ ಸಂಕೇತವುಳ್ಳ ಪುರಾವೆಯ ಬಗೆಗಳು; ‘ರೋಗಕಾರಕ’ದಿಂದ ‘ನಿರಪಾಯಕಾರಿ’ಯವರೆಗೆ ಐದು ವರ್ಗಗಳು. ‘ಇರಬಹುದು’ ಎಂಬ ವರ್ಗಕ್ಕೆ ಶೇ. 90ಕ್ಕಿಂತ ಹೆಚ್ಚಿನ ಖಚಿತತೆ ಬೇಕು. ಹಾಗಾದರೆ ಹೊಸದಾಗಿ ಬರೆಯುವುದೇನಿದೆ ಎಂದು ಬಹಳ ಜನ ಕೇಳಿದರು. ಅದಕ್ಕೆ ಉತ್ತರವು ಅಮೆರಿಕದ ಅನುಭವದಲ್ಲೇ ಇದೆ. ಒಂಬತ್ತು ಲ್ಯಾಬ್‌ಗಳಿಗೆ 99 ವೇರಿಯಂಟ್ ಹಂಚಿ ಮಾಡಿದ, 2016ರಲ್ಲಿ ಪ್ರಕಟವಾದ ಹೋಲಿಕೆಯಲ್ಲಿ ಮೊದಲ ಸುತ್ತಿಗೆ ಒಮ್ಮತ ಬಂದದ್ದು ಶೇ. 34ರಷ್ಟರಲ್ಲಿ. ಕೂತು ಮಾತಾಡಿದ ಮೇಲೆ ಅದು ಶೇ. 71ಕ್ಕೆ ಏರಿತು. ಒಂದೇ ಪುಸ್ತಕ ಓದಿದವರೂ ಒಂದೇ ಸೂಚಕವನ್ನು ಬೇರೆ ಬೇರೆ ತೂಕಕ್ಕೆ ಹಾಕುತ್ತಾರೆ. ಆ ತೂಕ ಎಷ್ಟೆಂದು ನಿಗದಿ ಮಾಡುವುದೇ ಸ್ಥಳೀಯ ಮಾರ್ಗಸೂಚಿಯ ಕೆಲಸ.

ಆದ್ದರಿಂದ ಬರೆಯುವ ಮೊದಲು ಪ್ರಯೋಗ ಮಾಡಿ. ಹಳೆಯ ವರದಿಗಳಿಂದ ಗುರುತು ಅಳಿಸಿದ ವೇರಿಯಂಟ್‌ಗಳನ್ನು ಕನಿಷ್ಠ ಮೂವರಿಗೆ, ಒಬ್ಬರದು ಇನ್ನೊಬ್ಬರಿಗೆ ಕಾಣದಂತೆ ಕೊಡಿ. ಒಂದು ವೇರಿಯಂಟ್‌ಗೆ ಒಬ್ಬರಿಗೆ ಒಂದೆರಡು ತಾಸು ಹಿಡಿಯುತ್ತದೆ. ರಾಸಾಯನಿಕದ ಖರ್ಚಿಲ್ಲ, ಮನುಷ್ಯರ ಸಮಯದ ಖರ್ಚು ಮಾತ್ರ. ಆದರೆ ಅದೇ ಅತಿ ದೊಡ್ಡ ಖರ್ಚು, ಬಜೆಟ್‌ನಲ್ಲಿ ಬರೆಯದೆ ಬಿಡಬೇಡಿ. ಎಲ್ಲಿ ಒಡಕು ಬರುತ್ತದೋ ಅಲ್ಲಿ ಮಾತ್ರ ನಿಯಮ ಬೇಕು. ಒಡಕಿಲ್ಲದ ಕಡೆ 2015ರ ಪಠ್ಯವೇ ಸಾಕು.

ಒಡಕು ಬಂದದ್ದು ಮುಖ್ಯವಾಗಿ ಜನಸಂಖ್ಯೆಯ ಡೇಟಾದಲ್ಲಿ. ನೋಮ್ಯಾಡ್ ಎಂಬ ಜಾಗತಿಕ ಭಂಡಾರದ ನಾಲ್ಕನೇ ಆವೃತ್ತಿಯಲ್ಲಿ ಎಂಟು ಲಕ್ಷಕ್ಕೂ ಹೆಚ್ಚು ಜನರ ಡೇಟಾ ಇದ್ದರೂ ದಕ್ಷಿಣ ಏಷ್ಯಾದವರು ಅದರಲ್ಲಿ ಸಣ್ಣ ಪಾಲು. ನಮ್ಮ ಒಳಪಂಗಡಗಳ ಲೆಕ್ಕ ಅಲ್ಲಿಲ್ಲ. ಹಾಗಾಗಿ ‘ಭಂಡಾರದಲ್ಲಿ ಕಾಣುವುದಿಲ್ಲ’ ಎಂಬ ಪಿಎಂ2 ಸೂಚಕ ಇಲ್ಲಿ ತೀರಾ ಸುಲಭವಾಗಿ ಸಿಕ್ಕಿಬಿಡುತ್ತದೆ. ಅಂತರರಾಷ್ಟ್ರೀಯ ಕ್ಲಿನ್‌ಜೆನ್ ತಂಡ ಅದನ್ನು ಮಧ್ಯಮದಿಂದ ಪೂರಕ ಮಟ್ಟಕ್ಕೆ ಇಳಿಸಲು 2020ರಲ್ಲೇ ಹೇಳಿದೆ; ಕೆಲವು ವರದಿಗಳಲ್ಲಿ ಇನ್ನೂ ಹಳೆಯ ತೂಕವೇ ಉಳಿದಿದೆ. ‘ನಂಬಿಕಸ್ಥ ಮೂಲ ಹೇಳಿದೆ’ ಎಂಬ ಪಿಪಿ5, ಬಿಪಿ6 ಸೂಚಕಗಳನ್ನು ಕೈಬಿಡಬೇಕೆಂದದ್ದೂ ಹಾಗೆಯೇ. ಸಿಎಸ್‌ಐಆರ್‌ನ ಇಂಡಿಜೆನ್ ಯೋಜನೆಯ 1,029 ಜೀನೋಮ್‌ಗಳ ಆವರ್ತನ, ಅಂದರೆ ಯಾವ ವೇರಿಯಂಟ್ ಎಷ್ಟು ಸಲ ಕಾಣುತ್ತದೆ ಎಂಬ ಲೆಕ್ಕ, ಸಾರ್ವಜನಿಕವಾಗಿ ಸಿಗುತ್ತದೆ. ಬೆಂಗಳೂರಿನ ಮೆದುಳು ಸಂಶೋಧನಾ ಕೇಂದ್ರ ಮುಂದಾಳತ್ವ ವಹಿಸಿದ ಜೀನೋಮ್ ಇಂಡಿಯಾದ ಸುಮಾರು ಹತ್ತು ಸಾವಿರ ಜೀನೋಮ್‌ಗಳ ಡೇಟಾ 2025ರ ಜನವರಿಯಲ್ಲಿ ಬಿಡುಗಡೆಯಾಗಿ ಫರೀದಾಬಾದಿನ ಭಂಡಾರದಲ್ಲಿದೆ. ಅದಕ್ಕೆ ಅರ್ಜಿ ಹಾಕಿ ಅನುಮತಿ ಪಡೆಯಬೇಕು. ಅರ್ಜಿಯನ್ನು ಕೆಲಸದ ಮೊದಲ ವಾರದಲ್ಲೇ ಹಾಕಿ. ಕಾಯುವ ಸಮಯದಲ್ಲಿ ಬೇರೆ ಅಧ್ಯಾಯ ಬರೆಯಬಹುದು.

ಇದರ ಉಲ್ಟಾ ತೊಂದರೆಯೂ ಇದೆ. ಒಂದು ಪಂಗಡದೊಳಗೇ ಮದುವೆಯಾಗುತ್ತ ಬಂದಾಗ ರೋಗಕಾರಕ ವೇರಿಯಂಟ್ ಆ ಪಂಗಡದಲ್ಲಿ ಸಾಮಾನ್ಯವಾಗಿರುತ್ತದೆ. ವೈಶ್ಯ ಸಮುದಾಯದಲ್ಲಿ ಕಾಣುವ ಬ್ಯುಟೈರಿಲ್‌ಕೋಲಿನೆಸ್ಟರೇಸ್ ಕೊರತೆ ಇದಕ್ಕೆ ಎಲ್ಲರಿಗೂ ಗೊತ್ತಿರುವ ಉದಾಹರಣೆ: ಅರಿವಳಿಕೆಯಲ್ಲಿ ಸಕ್ಸಿನೈಲ್‌ಕೋಲಿನ್ ಕೊಟ್ಟರೆ ಸ್ನಾಯುಗಳ ಸಡಿಲಿಕೆ ಗಂಟೆಗಟ್ಟಲೆ ಬಿಡುವುದಿಲ್ಲ. ‘ಇಷ್ಟು ಸಾಮಾನ್ಯವಾಗಿದ್ದರೆ ಇದು ನಿರಪಾಯಕಾರಿ’ ಎಂಬ ಬಿಎಸ್1 ಸೂಚಕವನ್ನು ಯಂತ್ರದಂತೆ ಹಚ್ಚಿದರೆ ಇಂಥವು ಕೈತಪ್ಪುತ್ತವೆ. ಎಂವೈಬಿಪಿಸಿ3 ಜೀನಿನ 25 ಅಕ್ಷರಗಳ ಲೋಪ ದಕ್ಷಿಣ ಏಷ್ಯಾದ ಸುಮಾರು ಶೇ. 4ರಷ್ಟು ಜನರಲ್ಲಿದೆ ಎಂದು 2009ರಲ್ಲಿ ಪ್ರಕಟವಾಯಿತು. ಅದು ಹೃದಯ ಸ್ನಾಯುವಿನ ಕಾಯಿಲೆಯ ಅಪಾಯ ಹೆಚ್ಚಿಸುತ್ತದೆ ಎನ್ನುತ್ತಾರೆ, ಹೊತ್ತವರಲ್ಲಿ ಬಹುಪಾಲು ಜನ ಆರೋಗ್ಯವಾಗಿದ್ದಾರೆ. ಐದು ವರ್ಗಗಳ ಚೌಕಟ್ಟಿಗೆ ಇದು ಕೂರುವುದಿಲ್ಲ. ‘ಅಪಾಯದ ವೇರಿಯಂಟ್’ ಎಂಬ ಬೇರೆ ಪುಟದಲ್ಲಿ, ಒಂಟಿಯಾಗಿ ಕಂಡರೆ ಇದರಿಂದಲೇ ಕುಟುಂಬದ ಪರೀಕ್ಷೆ ಶುರು ಮಾಡಬೇಡಿ ಎಂಬ ಸೂಚನೆಯೊಂದಿಗೆ ಬರೆಯಬೇಕಾಯಿತು.

ಹೆಸರು ಬರೆಯುವ ಕ್ರಮದ ಬಗ್ಗೆ ಒಂದು ಸಣ್ಣ ಮಾತು. ಥಲಸೇಮಿಯಾ ನೋಡುವ ವೈದ್ಯರಿಗೆ ‘ಐವಿಎಸ್1-5’ ಗೊತ್ತು. ಅಂತರರಾಷ್ಟ್ರೀಯ ನಾಮಪದ್ಧತಿಯಲ್ಲಿ ಅದೇ ವೇರಿಯಂಟ್ ‘ಸಿ.92+5ಜಿ>ಸಿ’. ಸಿಕಲ್ ಸೆಲ್ ವೇರಿಯಂಟ್ ಹಳೆಯ ಲೆಕ್ಕದಲ್ಲಿ ಆರನೇ ಅಮೈನೋ ಆಮ್ಲ, ಹೊಸದರಲ್ಲಿ ಏಳನೆಯದು. ಎರಡೂ ಹೆಸರು ಬರೆಯಿರಿ, ಅಕ್ಷರಗಳನ್ನು ಜೀನಿನ ಯಾವ ಪಠ್ಯದ ಮೇಲೆ ಎಣಿಸಿದೆ ಎಂದು ತಿಳಿಸುವ ಟ್ರಾನ್ಸ್‌ಕ್ರಿಪ್ಟ್ ಸಂಖ್ಯೆ ಆವೃತ್ತಿಯೊಂದಿಗೆ ಇರಲಿ. ಗಂಡನ ವರದಿ ಒಂದು ಪದ್ಧತಿ, ಹೆಂಡತಿಯದು ಇನ್ನೊಂದು ಪದ್ಧತಿಯಲ್ಲಿ ಬಂದು ಇಬ್ಬರೂ ಒಂದೇ ವೇರಿಯಂಟ್‌ನ ವಾಹಕರೆಂದು ಯಾರಿಗೂ ತಿಳಿಯದೆ ಹೋಗುವ ಸಾಧ್ಯತೆ ನಿಜಕ್ಕೂ ಇದೆ.

ಇನ್ನು ನಮ್ಮನ್ನು ಬಹಳ ಕಾಲ ಹಿಡಿದಿಟ್ಟ ಅಧ್ಯಾಯ ರಕ್ತಸಂಬಂಧದ್ದು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಸುಮಾರು ಕಾಲು ಭಾಗದಷ್ಟು ಮದುವೆಗಳು ರಕ್ತಸಂಬಂಧದೊಳಗೆ ನಡೆದಿವೆ. ಸೋದರತ್ತೆಯ ಮಗ, ಸೋದರಮಾವನ ಮಗಳು ಮಾತ್ರವಲ್ಲ, ಅಕ್ಕನ ಮಗಳನ್ನೇ ಮದುವೆಯಾಗುವ ಸಂಪ್ರದಾಯವೂ ಇದೆ. 1955ರ ಹಿಂದೂ ವಿವಾಹ ಕಾಯ್ದೆ ರೂಢಿಗೆ ಅವಕಾಶ ಕೊಡುತ್ತದೆ. ಎಸ್‌ಎನ್‌ಪಿ (ಒಂದೇ ಅಕ್ಷರದ ವ್ಯತ್ಯಾಸಗಳನ್ನು ಓದುವ) ಮೈಕ್ರೊಅರೇಯಲ್ಲಿ, ಮಗುವಿನ ಡಿಎನ್‌ಎಯಲ್ಲಿ ತಂದೆಯಿಂದ, ತಾಯಿಯಿಂದ ಬಂದ ಎರಡೂ ಪ್ರತಿಗಳು ಒಂದೇ ಆಗಿರುವ ಉದ್ದನೆಯ ತುಂಡುಗಳು ಕಾಣುತ್ತವೆ. ಲಿಂಗ ಕ್ರೋಮೋಸೋಮ್‌ ಬಿಟ್ಟು ಉಳಿದವುಗಳಲ್ಲಿನ ಇಂಥ ತುಂಡುಗಳ ಉದ್ದ ಕೂಡಿಸಿ, ಸುಮಾರು 2,881 ಮೆಗಾಬೇಸ್‌ನಿಂದ (ಒಂದು ಮೆಗಾಬೇಸ್ ಎಂದರೆ ಹತ್ತು ಲಕ್ಷ ಅಕ್ಷರ) ಭಾಗಿಸಿದರೆ ಶೇಕಡಾವಾರು ಬರುತ್ತದೆ. ಸೋದರ ಸಂಬಂಧಿಗಳ ಮಗುವಿನಲ್ಲಿ ಸರಾಸರಿ ಶೇ. 6.25, ಅಂದರೆ 180 ಮೆಗಾಬೇಸ್. ಸೋದರಮಾವ ಮತ್ತು ಅಕ್ಕನ ಮಗಳಿಗೆ ಹುಟ್ಟಿದ ಮಗುವಿನಲ್ಲಿ ಶೇ. 12.5, ಅಂದರೆ 360. ತಂದೆ-ಮಗಳು ಅಥವಾ ಅಣ್ಣ-ತಂಗಿಯ ಮಗುವಿನಲ್ಲಿ ಶೇ. 25, ಅಂದರೆ 720.

ಎಸಿಎಂಜಿ 2013ರಲ್ಲೇ ಇದರ ಬಗ್ಗೆ ಬರೆದಿದೆ. ಅಮೆರಿಕದಲ್ಲಿ ಸೋದರಮಾವ ಮತ್ತು ಅಕ್ಕನ ಮಗಳ ಸಂಬಂಧದ ಮಟ್ಟ ಕಂಡರೆ ದೌರ್ಜನ್ಯದ ಶಂಕೆ ಏಳುತ್ತದೆ. ಅದೇ ಎಚ್ಚರಿಕೆಯ ಸಾಲನ್ನು ಇಲ್ಲಿನ ವರದಿಗೆ ಹಾಗೇ ಎತ್ತಿ ಹಾಕಿದರೆ, ಮನೆಯವರೆಲ್ಲ ಸೇರಿ ಧಾರೆ ಎರೆದು ಕೊಟ್ಟ ಮದುವೆಗೆ ಲ್ಯಾಬ್ ಕಳಂಕ ಹಚ್ಚಿದಂತಾಗುತ್ತದೆ. ಅಷ್ಟೇ ಅಲ್ಲ. ಅಜ್ಜ ಅಜ್ಜಿಯರೂ ಸಂಬಂಧಿಗಳಾಗಿದ್ದರೆ ಹಿಂದಿನ ತಲೆಮಾರುಗಳ ಪಾಲು ಕೂಡಿಕೊಂಡು ಶೇಕಡಾವಾರು ಲೆಕ್ಕಕ್ಕಿಂತ ಮೇಲೇರುತ್ತದೆ, 12.5 ದಾಟಿ ಹೋಗುತ್ತದೆ. ಸರಾಸರಿಯ ಸುತ್ತ ಏರಿಳಿತವೂ ದೊಡ್ಡದು. ಆದ್ದರಿಂದ ಶೇಕಡಾವಾರು ನೋಡಿ ಸಂಬಂಧದ ಹೆಸರು ಬರೆಯಬಾರದು ಎಂದು ನಿಗದಿ ಮಾಡಿದೆವು. ಮಾದರಿ ಕಳಿಸುವ ವೈದ್ಯರು ಮೂರು ತಲೆಮಾರಿನ ವಂಶಾವಳಿ ಬರೆದು ಕಳಿಸಬೇಕು. ವರದಿಯಲ್ಲಿ ಒಟ್ಟು ಮೆಗಾಬೇಸ್, ಶೇಕಡಾವಾರು, ‘ಕೊಟ್ಟ ವಂಶಾವಳಿಗೆ ಹೊಂದುತ್ತದೆ’ ಅಥವಾ ‘ವೈದ್ಯರು ಲ್ಯಾಬನ್ನು ಸಂಪರ್ಕಿಸಿ’ ಇಷ್ಟೇ ಇರಬೇಕು. ಹೊಂದದೆ ಇದ್ದಾಗ ಮೊದಲು ಮಾದರಿ ಅದಲುಬದಲಾಗಿಲ್ಲ ಎಂದು ಪರೀಕ್ಷಿಸಬೇಕು. ಆಮೇಲೆ ಫೋನಿನಲ್ಲಿ ಮಾತು, ಕಾಗದದಲ್ಲಿ ಅಲ್ಲ. ತಾಯಿ 18ರೊಳಗಿನವಳಾಗಿದ್ದರೆ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಪೊಲೀಸರಿಗೆ ತಿಳಿಸುವ ಹೊಣೆ ಬರುತ್ತದೆ. ಆ ಹೊಣೆ ಯಾರದು, ಆಸ್ಪತ್ರೆಯಲ್ಲಿ ಯಾರಿಗೆ ಮೊದಲು ಹೇಳಬೇಕು ಎಂಬುದನ್ನು ಒಂದು ಪುಟದಲ್ಲಿ ಬರೆದಿಡಿ. ಈ ಪುಟದ ಚರ್ಚೆ ಮನಸ್ಸಿಗೆ ಭಾರವಾದದ್ದು. ಸಭೆಯ ಕೊನೆಗೆ ಇಟ್ಟುಕೊಳ್ಳಬೇಡಿ, ಎಲ್ಲರೂ ದಣಿದಿರುತ್ತಾರೆ.

ತುಂಡುಗಳು ಒಂದೇ ಕ್ರೋಮೋಸೋಮಿನಲ್ಲಿ ಮಾತ್ರ ಇದ್ದರೆ ಕಥೆ ಬೇರೆ. ಎರಡೂ ಪ್ರತಿ ತಂದೆ ಅಥವಾ ತಾಯಿ ಒಬ್ಬರಿಂದಲೇ ಬಂದಿರಬಹುದು; 15ನೇ ಕ್ರೋಮೋಸೋಮ್ ಆದರೆ ಪ್ರೇಡರ್-ವಿಲ್ಲಿ ಅಥವಾ ಏಂಜಲ್‌ಮನ್ ಕಾಯಿಲೆಗೆ, ಪ್ರತಿ ತಂದೆಯದೋ ತಾಯಿಯದೋ ಎಂದು ತೋರಿಸುವ ಮಿಥೈಲೇಶನ್ ಪರೀಕ್ಷೆ ಮಾಡಲೇಬೇಕು.

ರಕ್ತಸಂಬಂಧದ ಕುಟುಂಬದಲ್ಲಿ ವೇರಿಯಂಟ್‌ನ ತೂಕವೂ ಬದಲಾಗುತ್ತದೆ. ಜೀನಿನ ಎರಡೂ ಪ್ರತಿ ಕೆಟ್ಟಾಗ ಮಾತ್ರ ಬರುವ ಅಪ್ರಬಲ ಕಾಯಿಲೆಗಳಲ್ಲಿ, ಎರಡನೇ ಪ್ರತಿಯಲ್ಲೂ ವೇರಿಯಂಟ್ ಇರುವ ರೋಗಿಗಳನ್ನು ಎಣಿಸುವ ಪಿಎಂ3 ಸೂಚಕಕ್ಕೆ ಎರಡೂ ಪ್ರತಿ ಒಂದೇ ಆಗಿರುವ ಒಬ್ಬ ರೋಗಿಗೆ ಅರ್ಧ ಅಂಕ, ಇಂಥವರಿಂದ ಒಟ್ಟು ಒಂದು ಅಂಕಕ್ಕಿಂತ ಹೆಚ್ಚು ಕೊಡುವಂತಿಲ್ಲ. ಇಲ್ಲಿ ಬರುವ ರೋಗಿಗಳಲ್ಲಿ ಬಹಳಷ್ಟು ಜನ ಹೀಗೇ ಇರುವುದರಿಂದ ಹತ್ತು ಮಕ್ಕಳು ಸಿಕ್ಕರೂ ಈ ಸೂಚಕ ಮಧ್ಯಮ ಮಟ್ಟ ದಾಟುವುದಿಲ್ಲ. ಅಣ್ಣ ತಂಗಿಯರಲ್ಲಿ ಕಾಯಿಲೆಯ ಜತೆ ವೇರಿಯಂಟ್ ಸಾಗಿಬಂದಿದೆ ಎಂದು ಅಂಕ ಹಾಕುವಾಗಲೂ ಎಚ್ಚರ ಬೇಕು: ಅದೇ ತುಂಡಿನೊಳಗಿನ ಎಲ್ಲ ವೇರಿಯಂಟ್‌ಗಳೂ ಜತೆಯಾಗಿಯೇ ಸಾಗಿಬಂದಿರುತ್ತವೆ. ತುಂಡಿನಲ್ಲಿ ಬೇರೆ ತಕ್ಕ ಅಭ್ಯರ್ಥಿ ಇಲ್ಲ ಎಂದು ತೋರಿಸಿದ ಮೇಲೆಯೇ ಅಂಕ.

ಗರ್ಭದ ಮಾದರಿಯ ಅಧ್ಯಾಯದಲ್ಲಿ ವಿಜ್ಞಾನಕ್ಕಿಂತ ಕಾನೂನಿನ ತೊಡಕು ಹೆಚ್ಚು. ಭ್ರೂಣಲಿಂಗ ಪತ್ತೆಯನ್ನು ನಿಷೇಧಿಸುವ ಪಿಸಿಪಿಎನ್‌ಡಿಟಿ ಕಾಯ್ದೆಯಡಿ ಜೆನೆಟಿಕ್ ಕೌನ್ಸೆಲಿಂಗ್ ಕೇಂದ್ರ, ಲ್ಯಾಬ್, ಕ್ಲಿನಿಕ್ ಮೂರಕ್ಕೂ ನೋಂದಣಿ ಬೇಕು. ಅರ್ಜಿ ನಮೂನೆ ‘ಎ’ಯಲ್ಲಿ, ಶುಲ್ಕ ಒಂದಕ್ಕೆ 25,000 ರೂಪಾಯಿ, ಸೇವೆಗಳು ಒಟ್ಟಿಗಿರುವ ಸಂಸ್ಥೆಗೆ 35,000, ಅವಧಿ ಐದು ವರ್ಷ. ಮಾಸಿನ ಚೂರು ತೆಗೆಯುವ ಕೊರಿಯಾನಿಕ್ ವಿಲ್ಲಸ್ ಪರೀಕ್ಷೆ ಅಥವಾ ಗರ್ಭದ ನೀರು ತೆಗೆಯುವ ಆಮ್ನಿಯೋಸೆಂಟೆಸಿಸ್‌ಗೆ ಮುಂಚೆ ನಮೂನೆ ‘ಜಿ’ಯಲ್ಲಿ, ಗರ್ಭಿಣಿಗೆ ತಿಳಿಯುವ ಭಾಷೆಯಲ್ಲಿ ಒಪ್ಪಿಗೆ ಪಡೆದು ಒಂದು ಪ್ರತಿ ಆಕೆಗೇ ಕೊಡಬೇಕು. ಇಂಗ್ಲಿಷ್ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿದರೆ ಕಾಯ್ದೆಗೆ ವಿರುದ್ಧ. ಭ್ರೂಣದ ಲಿಂಗವನ್ನು ಯಾವ ರೀತಿಯಲ್ಲೂ ತಿಳಿಸುವಂತಿಲ್ಲ. ಹಾಗಾಗಿ ವಿದೇಶಿ ಮಾದರಿಯ ವರದಿಗಳಲ್ಲಿ ಮೊದಲ ಸಾಲಿಗೇ ಬರುವ, ಲಿಂಗ ಕ್ರೋಮೋಸೋಮ್‌ಗಳನ್ನೂ ತೋರಿಸುವ ಕ್ಯಾರಿಯೊಟೈಪ್ (ಕ್ರೋಮೋಸೋಮ್‌ಗಳ ಪಟ್ಟಿ) ಸಂಕೇತವನ್ನು ಹಾಗೇ ಹಾಕುವಂತಿಲ್ಲ. ಗಂಡುಮಕ್ಕಳಲ್ಲೇ ಹೆಚ್ಚಾಗಿ ಕಾಣುವ ಡುಷೆನ್ ಸ್ನಾಯುಕ್ಷಯ, ಹಿಮೋಫಿಲಿಯಾಗಳಲ್ಲಿ ಲ್ಯಾಬ್ ಒಳಗೆ ಲೆಕ್ಕ ಹಾಕಿಕೊಂಡು, ಹೊರಗೆ ಭ್ರೂಣಕ್ಕೆ ಕಾಯಿಲೆಯ ಅಪಾಯ ಇದೆ ಅಥವಾ ಇಲ್ಲ ಎಂದಷ್ಟೇ ಬರೆಯಬೇಕು. ಇಲ್ಲಿ ಹಲವರು ಗಮನಿಸದ ಒಂದು ತೂತು ಇತ್ತು: ಕೇಳಿದ ಕುಟುಂಬಕ್ಕೆ ಕಚ್ಚಾ ಡೇಟಾ ಕೊಡುವ ಪದ್ಧತಿ. ಭ್ರೂಣದ ಕಚ್ಚಾ ಕಡತದಲ್ಲಿ ಎಕ್ಸ್, ವೈ ಕ್ರೋಮೋಸೋಮ್‌ಗಳೂ ಇರುತ್ತವೆ. ಹೆರಿಗೆಗೆ ಮುಂಚೆ ಅದನ್ನು ಕೊಡಬಾರದು ಎಂಬ ಸಾಲು ಸೇರಿಸಿ. ಜಾಲರಿಯ ಒಂದು ಕಣ್ಣು ಹರಿದರೂ ಮೀನೆಲ್ಲ ಹೋಗುವಂತೆ, ಈ ಒಂದು ಸಾಲಿಲ್ಲದೆ ಉಳಿದ ಎಚ್ಚರಿಕೆಗಳು ವ್ಯರ್ಥ.

ವರದಿಯ ಗಡುವನ್ನು ಕಾನೂನಿನ ಗಡುವಿನಿಂದ ಹಿಂದಕ್ಕೆ ಎಣಿಸಿ. ವೈದ್ಯಕೀಯ ಗರ್ಭಪಾತ ಕಾಯ್ದೆಯ 2021ರ ತಿದ್ದುಪಡಿಯ ಪ್ರಕಾರ 20ರಿಂದ 24 ವಾರದವರೆಗೆ ನಿಗದಿತ ಸಂದರ್ಭಗಳಲ್ಲಿ ಇಬ್ಬರು ವೈದ್ಯರ ಅಭಿಪ್ರಾಯದ ಮೇಲೆ ಗರ್ಭಪಾತಕ್ಕೆ ಅವಕಾಶವಿದೆ. 24 ದಾಟಿದರೆ ಭ್ರೂಣದ ಗಂಭೀರ ನ್ಯೂನತೆಗೆ ಮಾತ್ರ, ವೈದ್ಯಕೀಯ ಮಂಡಳಿಯ ತೀರ್ಮಾನದ ಮೇಲೆ. ಆಮ್ನಿಯೋಸೆಂಟೆಸಿಸ್ 16 ವಾರದಲ್ಲಿ ಆದರೆ, ಕೋಶ ಬೆಳೆಸಿ ಕ್ಯಾರಿಯೊಟೈಪ್ ಮಾಡಲು ಸುಮಾರು ಎರಡು ವಾರ, ಕೋಶ ಬೆಳೆಯದೆ ಹೋದರೆ ಮತ್ತೆ ಅಷ್ಟೇ. ಉಳಿಯುವ ದಿನಗಳಲ್ಲಿ ಕುಟುಂಬ ಊರಿನಿಂದ ಬರಬೇಕು, ಕೂತು ಯೋಚಿಸಬೇಕು. ಆದ್ದರಿಂದ ಬೆಳವಣಿಗೆ ಸೋತಿದೆ ಎಂದು ತಿಳಿದ ದಿನವೇ ಲ್ಯಾಬ್ ಫೋನ್ ಮಾಡಬೇಕು ಎಂಬುದು ಕಡ್ಡಾಯದ ಸಾಲಾಯಿತು. ಇನ್ನೊಂದು ಕಡ್ಡಾಯ: ಮೊದಲ ಮಗುವಿನಲ್ಲಿ ಅರ್ಥ ನಿರ್ಧಾರವಾಗದ ವೇರಿಯಂಟ್ ಮಾತ್ರ ಸಿಕ್ಕಿದ್ದರೆ ಅದರ ಆಧಾರದ ಮೇಲೆ ಭ್ರೂಣ ಪರೀಕ್ಷೆಯನ್ನು ರೂಢಿಯಾಗಿ ಮಾಡಬಾರದು. ಗರ್ಭ ಕಟ್ಟುವ ಮೊದಲೇ ತಂದೆತಾಯಿಯ ಪರೀಕ್ಷೆ ಮುಗಿಸಿ ತೀರ್ಮಾನಕ್ಕೆ ಬರುವುದೇ ಸರಿ. ಈ ಸಾಲು ಓದಿ ಸಂಕಟಪಡುವ ಕುಟುಂಬಗಳಿವೆ ಎಂದು ಗೊತ್ತಿದ್ದೇ ಬರೆದೆವು.

ಕರಡು ಆದ ಮೇಲೆ ಡೆಲ್ಫಿ ಮತದಾನ. ಹೆಸರಿಲ್ಲದ ಮತ, 1ರಿಂದ 9ರ ಅಳತೆ, 7ರಿಂದ 9 ಅಂದರೆ ಒಪ್ಪಿಗೆ, ಶೇ. 75 ಜನ ಒಪ್ಪಿದರೆ ಅಂಗೀಕಾರ. ಈ ಗಡಿಯನ್ನು ಮತ ಎಣಿಸುವ ಮೊದಲೇ ಬರೆದು ಎಲ್ಲರಿಗೂ ಕಳಿಸಿ. ಒಂದು ಸಾಲಿನಲ್ಲಿ ಒಂದೇ ವಿಷಯ ಇರಲಿ. ‘ಅರ್ಥ ನಿರ್ಧಾರವಾಗದ ವೇರಿಯಂಟ್ ವರದಿ ಮಾಡಬೇಕು ಮತ್ತು ತಂದೆತಾಯಿಯನ್ನು ಉಚಿತವಾಗಿ ಪರೀಕ್ಷಿಸಬೇಕು’ ಎಂಬಂಥ ಸಾಲು ಸೋತರೆ ಯಾವ ಅರ್ಧಕ್ಕೆ ಸೋತಿತು ಎಂದು ಹೇಳಲು ಬರುವುದಿಲ್ಲ.

ಸಾರ್ವಜನಿಕ ಅಭಿಪ್ರಾಯಕ್ಕೆ ಬಿಡುವಾಗ ಪ್ರತಿ ಸಾಲಿಗೂ ಸಂಖ್ಯೆ ಹಾಕಿ. ಸಾಲು, ಆಕ್ಷೇಪ, ಸೂಚಿಸಿದ ಪಠ್ಯ, ಸಮಿತಿಯ ಉತ್ತರ, ಕಾರಣ ಎಂಬ ಐದು ಕಲಮಿನ ಕೋಷ್ಟಕದಲ್ಲಲ್ಲದೆ ಬೇರೆ ರೂಪದಲ್ಲಿ ಅಭಿಪ್ರಾಯ ಪಡೆಯಬೇಡಿ. ಹೆಚ್ಚು ಜಗಳ ಬಂದದ್ದು ಮರುವಿಶ್ಲೇಷಣೆಯ, ಅಂದರೆ ಹಳೆಯ ಡೇಟಾವನ್ನು ಮುಂದೊಮ್ಮೆ ಮತ್ತೆ ನೋಡುವುದರ ಬಗ್ಗೆ. ಡೇಟಾ ಎಷ್ಟು ವರ್ಷ ಇಡಬೇಕು, ಖರ್ಚು ಯಾರದು? ಎಕ್ಸೋಮ್‌ನ ಕಚ್ಚಾ ಕಡತ ಹಲವು ಜಿಬಿ, 30 ಪಟ್ಟು ಓದಿದ ಇಡೀ ಜೀನೋಮ್‌ನದು ನೂರು ಜಿಬಿ ಆಸುಪಾಸು. ಸಣ್ಣ ಲ್ಯಾಬಿಗೆ ಇದು ಹಗುರವಲ್ಲ. ಕೊನೆಗೆ ಒಪ್ಪಿದ್ದು ಹೀಗೆ: ಎಷ್ಟು ಕಾಲ ಇಡುತ್ತೇವೆ, ಮರುವಿಶ್ಲೇಷಣೆಗೆ ಯಾರು ಕೇಳಬೇಕು, ಶುಲ್ಕ ಎಷ್ಟು ಎಂಬುದನ್ನು ಲ್ಯಾಬ್ ವರದಿಯಲ್ಲೇ ಬರೆಯಬೇಕು. ಇದಕ್ಕಿಂತ ಬಿಗಿಯಾದ ನಿಯಮ ಬೇಕಿತ್ತು ಎಂಬ ಅಭಿಪ್ರಾಯ ನನ್ನದು, ಮತ ಸಾಲಲಿಲ್ಲ.

ಕುಟುಂಬಕ್ಕೆ ಕೊಡುವ ಕನ್ನಡದ ಪತ್ರವನ್ನು ಪೋಷಕ ಸದಸ್ಯರೇ ತಿದ್ದಿದರು. ಪತ್ರ ಓದಿದ ಕುಟುಂಬದವರಿಂದ ಅವರ ಮಾತಿನಲ್ಲೇ ತಿರುಗಿ ಹೇಳಿಸುವುದು ಪರೀಕ್ಷೆ. ‘ಶೇ. 25 ಸಾಧ್ಯತೆ’ ಎಂದದ್ದನ್ನು, ಒಂದು ಮಗುವಿಗೆ ಬಂದಾಯಿತು, ಇನ್ನು ಮೂವರಿಗೆ ಬರುವುದಿಲ್ಲ ಎಂದು ತಿಳಿಯುವವರು ಬಹಳ. ‘ಪ್ರತಿ ಗರ್ಭಕ್ಕೂ ಹೊಸದಾಗಿ ನಾಲ್ಕರಲ್ಲಿ ಒಂದು’ ಎಂದು ಬರೆದು, ನಾಲ್ಕು ಚೌಕದ ಚಿತ್ರವನ್ನು ಪ್ರತಿ ಗರ್ಭಕ್ಕೂ ಬೇರೆಯಾಗಿ ಬಿಡಿಸಿದ ಮೇಲೆ ತಪ್ಪು ಕಡಿಮೆಯಾಯಿತು. ತಂದೆ, ತಾಯಿ, ಮಗು ಮೂವರ ಎಕ್ಸೋಮ್ ಒಟ್ಟಿಗೆ ಮಾಡಿದರೆ ಜೈವಿಕ ತಂದೆ ಬೇರೆ ಎಂಬುದೂ ತಿಳಿಯಬಹುದು. ಅದನ್ನು ವರದಿ ಮಾಡುವುದಿಲ್ಲ ಎಂಬ ಮಾತು ಒಪ್ಪಿಗೆ ಪತ್ರದಲ್ಲಿ ರಕ್ತ ತೆಗೆಯುವ ಮೊದಲೇ ಇರಬೇಕು. ಹುಡುಕದೆ ಸಿಗುವ ಇತರ ಕಾಯಿಲೆಗಳ ವಿಷಯವೂ ಹಾಗೆಯೇ. ಎಸಿಎಂಜಿ ಪಟ್ಟಿ 2013ರಲ್ಲಿ 56 ಜೀನ್ ಇದ್ದದ್ದು 2023ರಲ್ಲಿ 81 ಆಯಿತು. ಬೇಕು ಬೇಡ ಎಂಬ ಆಯ್ಕೆ ಕುಟುಂಬದ್ದು. ಪಟ್ಟಿಯ ಯಾವ ಆವೃತ್ತಿ ಎಂಬುದನ್ನು ವರದಿಯಲ್ಲಿ ನಮೂದಿಸಿ.

ಅನುಮೋದನೆಗೆ ಕಾಯುವ ಅವಧಿ ಎಲ್ಲಕ್ಕಿಂತ ಬೇಸರದ್ದು. ಕಡತ ಮೇಜಿನಿಂದ ಮೇಜಿಗೆ ಹೋಗುತ್ತದೆ, ಅಷ್ಟರಲ್ಲಿ ಹೊಸ ಪ್ರಬಂಧ ಬಂದು ಒಂದು ಸಾಲು ಹಳೆಯದಾಗುತ್ತದೆ. ಹುಡುಕಾಟ ಕೊನೆಗೊಂಡ ದಿನಾಂಕವನ್ನು ಮುಖಪುಟದಲ್ಲೇ ಬರೆದು, ಆಮೇಲೆ ಬಂದದ್ದನ್ನು ಮುಂದಿನ ಆವೃತ್ತಿಗೆ ಇಡಿ, ಇಲ್ಲದಿದ್ದರೆ ಕೊನೆಯೇ ಇಲ್ಲ. ವೈದ್ಯಕೀಯ ಲ್ಯಾಬ್‌ಗಳ ಗುಣಮಟ್ಟದ ಮಾನದಂಡವಾದ ಐಎಸ್‌ಒ 15189ರಡಿ ಮಾನ್ಯತೆ ಪಡೆದ ಲ್ಯಾಬ್‌ಗಳು ಇದನ್ನು ತಮ್ಮ ನಿಯಂತ್ರಿತ ದಾಖಲೆಗಳ ಪಟ್ಟಿಗೆ ಸೇರಿಸಿಕೊಳ್ಳಬೇಕು. ಅದಕ್ಕೆ ಆವೃತ್ತಿ ಸಂಖ್ಯೆ, ಜಾರಿಯ ದಿನಾಂಕ, ಐದು ವರ್ಷದೊಳಗಿನ ಪರಿಶೀಲನಾ ದಿನಾಂಕ ಮೂರೂ ಬೇಕು. ಅದಕ್ಕಿಂತ ಮೊದಲೇ ತೆರೆಯಬೇಕಾದ ಸಂದರ್ಭಗಳನ್ನೂ ಹೆಸರಿಸಿ: ಕಾಯ್ದೆಯ ತಿದ್ದುಪಡಿ, ವರ್ಗೀಕರಣದ ಮೂಲ ಮಾನದಂಡದ ಹೊಸ ಆವೃತ್ತಿ, ಭಾರತೀಯ ಆವರ್ತನ ಡೇಟಾದ ದೊಡ್ಡ ಬಿಡುಗಡೆ.

ಸೋತ ಸಾಲುಗಳನ್ನೂ ಮತಗಳ ಸಮೇತ ಅನುಬಂಧದಲ್ಲಿ ಇಟ್ಟಿದ್ದೇವೆ. ಮೈಟೊಕಾಂಡ್ರಿಯಾದ ವೇರಿಯಂಟ್‌ಗಳು, ಮರುವಿಶ್ಲೇಷಣೆಯ ಗಡುವು, ಮಕ್ಕಳಲ್ಲಿ ವಾಹಕ ಪರೀಕ್ಷೆ ಈ ಮೂರು ಮುಂದಿನ ಸಮಿತಿಗೆ ಕಾದಿವೆ. ಅವರು ಅಲ್ಲಿಂದಲೇ ಶುರು ಮಾಡಬಹುದು.